ಮೋಸಗಾರರ ಪಟ್ಟಿಯಲ್ಲಿ ನಮ್ಮ ಕಾಕಾ

ಹೋದ ತಿಂಗಳು ಗೋಕಾಕದ ಒಂದು ಐಟಿಐಯಲ್ಲಿ ನಮ್ಮ ಕಾಕಾ ಅವರಿಗೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಆ ಮನುಷ್ಯ ನಿವೃತ್ತಿಯಾಗುವವರೆಗೂ ಅಲ್ಲೇ ಇಲೆಕ್ಟ್ರಾನಿಕ್ಸ್ ಕಲಿಸಿದವರು. ಫೋಟೋಕ್ಕೆ ಹಾರ ಹಾಕಿದರು, ಎರಡು ನಿಮಿಷ ಮೌನವಾಗಿ ನಿಂತರು, ಆಮೇಲೆ ಒಬ್ಬೊಬ್ಬರೇ ಎದ್ದು ಮಾತಾಡಿದರು. ಕೊನೆಗೆ ಎದ್ದವರು ಅವರದೇ ವಿಭಾಗದ ಹಳೆಯ ಸಹೋದ್ಯೋಗಿ. ಗಂಟಲು ಸರಿಮಾಡಿಕೊಂಡು ಅವರು ಹೇಳಿದ್ದು ಇಷ್ಟು: "ಮನಷ್ಯಾರು ಭಾಳ ಚಲೋ ಇದ್ದರಿ. ಕಡೀಕ ಆ ಕಂಪ್ಯೂಟರ್ ಆಟದಾಗ ಮೋಸ ಮಾಡಿ ಸಿಕ್ಕಬಿದ್ದರು. ಅವರ ಹೆಸರಿಗೆ ಅದೊಂದ ಡಾಗ ಉಳೀತು ನೋಡ್ರಿ."

ಸಭೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಎರಡನೇ ಸಾಲಿನಲ್ಲಿ ಕುಳಿತಿದ್ದ ನಾನೂ ಅನ್ನಲಿಲ್ಲ. ಎದ್ದು ಹೋಗಿ ಆ ಮೈಕು ಕಸಿದುಕೊಳ್ಳಬೇಕು ಅನ್ನಿಸಿತು. ಆದರೆ ಎದ್ದು ಏನು ಹೇಳಬೇಕಿತ್ತೋ ಅದನ್ನು ಹೇಳಿದರೆ ನನ್ನದೇ ಬಣ್ಣ ಬಯಲಾಗುತ್ತಿತ್ತು. ಅದಕ್ಕೆ ಚಹಾ ಕುಡಿದು ಬಸ್ಸು ಹತ್ತಿ ಹುಕ್ಕೇರಿಗೆ ಬಂದೆ. ಅವತ್ತಿನಿಂದ ಅನ್ನ ಮೈಗೆ ಹತ್ತಿಲ್ಲ. ಈಗ ಬರೆಯುತ್ತಿದ್ದೇನೆ.

ಕಾಕಾ ಮೋಸ ಮಾಡಿರಲಿಲ್ಲ. ಅದು ನನಗೆ ಗೊತ್ತು. ನನ್ನಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ.

ನಾನು ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಕಬಡ್ಡಿ, ಖೋಖೋ, ವಾಲಿಬಾಲ್ ಇವು ನನ್ನ ಲೋಕ. ಕುರ್ಚಿಯ ಮೇಲೆ ಕುಳಿತು ಬೆರಳಿನಲ್ಲಿ ಆಡುವುದನ್ನು ಆಟ ಎಂದು ಕರೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಾಕಾ ರಕ್ತಸಂಬಂಧಿಯಲ್ಲ, ನಮ್ಮ ಬಾಜೂ ಮನೆಯವರು. ನಿವೃತ್ತಿಯಾದ ಮೇಲೆ ಗೋಕಾಕ ಬಿಟ್ಟು ಹುಕ್ಕೇರಿಗೆ ಬಂದು, ಮುಂದಿನ ಕೋಣೆಯ ತುಂಬ ಹಳೆಯ ಕಂಪ್ಯೂಟರುಗಳನ್ನು ರಾಶಿ ಹಾಕಿಕೊಂಡಿದ್ದರು. ಎಲ್ಲರೂ ಪೆನ್ನು ಇಡುವ ಜೇಬಿನಲ್ಲಿ ಅವರು ಸ್ಕ್ರೂಡ್ರೈವರ್ ಇಡುತ್ತಿದ್ದರು. ಮದುವೆ ಮನೆಗೆ ಹೋದರೂ ಅದು ಅಲ್ಲೇ ಇರುತ್ತಿತ್ತು.

ಅವರ ಬಾಯಲ್ಲಿ ಸದಾ ಇದ್ದ ಮಾತು ಒಂದೇ: "ತೆರದ ನೋಡೂಣಂತ." ಫ್ಯಾನು ಸದ್ದು ಮಾಡಿದರೆ ತೆರೆದು ನೋಡೋಣ. ಕುಕ್ಕರ್ ಕೂಗದಿದ್ದರೆ ತೆರೆದು ನೋಡೋಣ. ಒಮ್ಮೆ ನನ್ನ ಸೀಟಿ ಯಾಕೋ ಬರಿ ಗಾಳಿ ಬಿಡುತ್ತಿದೆ ಎಂದು ಗೊಣಗಿದ್ದಕ್ಕೆ, ಕೈಯಿಂದ ಕಸಿದುಕೊಂಡು ಅದರ ಬಾಯಿ ಹಿಗ್ಗಿಸಿ, ಒಳಗಿನ ಬೆಂಡಿನ ಗುಂಡನ್ನು ಹೊರಗೆ ತೆಗೆದು ನನ್ನ ಅಂಗೈ ಮೇಲಿಟ್ಟರು. ಇಷ್ಟು ವರ್ಷ ಊದಿದ ಸೀಟಿಯ ಒಳಗೆ ಏನಿದೆ ಎಂದು ನಾನು ನೋಡಿರಲೇ ಇಲ್ಲ. ಆ ಸೀಟಿ ಆಮೇಲೆ ಊದಲು ಬರಲಿಲ್ಲ, ಅದು ಬೇರೆ ಮಾತು. ಬೈದೆ. ಮರುದಿನ ಹೊಸದು ತಂದುಕೊಟ್ಟರು.

ನನ್ನ ಮಗಳು ಗೋಕಾಕದಲ್ಲಿ ಬಿ.ಕಾಂ. ಓದುತ್ತಿದ್ದಳು. ಅವಳಿಗೆ ಪಿಯುಸಿಯಿಂದಲೇ ಈ ಕಂಪ್ಯೂಟರ್ ಆಟದ ಹುಚ್ಚು ಹಿಡಿದಿತ್ತು. ಐದೈದು ಜನ ಎರಡು ತಂಡವಾಗಿ ಗುಂಡು ಹಾರಿಸಿ ಆಡುವ ಆಟ ಅದು. ನಾನು ಹಾರಾಡಿದೆ. ಕಾಕಾ ನನ್ನನ್ನು ಕರೆದು, ಬೈಯುವ ಮೊದಲು ಒಂದು ಸಲ ಪೂರ್ತಿ ನೋಡಿರಿ ಎಂದು ಅವಳ ಹಿಂದೆ ಕುರ್ಚಿ ಹಾಕಿ ಕೂರಿಸಿದರು. ಕೂತು ನೋಡಿದೆ. ಯಾರು ಎಲ್ಲಿ ನಿಂತಿದ್ದಾರೆ, ಯಾರು ಯಾರ ಬೆನ್ನು ಕಾಯಬೇಕು, ಯಾವಾಗ ಹಿಂದೆ ಸರಿಯಬೇಕು ಎಂದು ಉಳಿದ ನಾಲ್ವರಿಗೆ ಅವಳು ಹೇಳುತ್ತಿದ್ದಳು. ನನ್ನ ಕಬಡ್ಡಿ ತಂಡದಲ್ಲಿ ಅಂಥ ನಾಯಕಿ ಒಬ್ಬಳೂ ಬಂದಿರಲಿಲ್ಲ. ಅವತ್ತಿನಿಂದ ನಾನು ಬಾಯಿ ಮುಚ್ಚಿಕೊಂಡೆ.

ಇನ್ನು ಕಾಕಾ ಮಾಡುತ್ತಿದ್ದ ಕೆಲಸ. ಕಂಪ್ಯೂಟರಿಗೆ ಜೀವ ಕೊಡುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಅನ್ನುತ್ತಾರೆ. ನಮ್ಮ ಕಡೆ ಹೆಚ್ಚಿನವರು ಒಂದು ದೊಡ್ಡ ಕಂಪನಿಯದ್ದನ್ನು ಕದ್ದು ಹಾಕಿಕೊಂಡಿರುತ್ತಾರೆ. ಅದರ ಒಳಗೆ ಏನಿದೆ ಎಂದು ಕಂಪನಿ ಯಾರಿಗೂ ತೋರಿಸುವುದಿಲ್ಲ. ಇನ್ನೊಂದು ಬಗೆಯದು ಮುಕ್ತ ತಂತ್ರಾಂಶ. ಅದನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಕಾಕಾ ಅಂಥದೊಂದನ್ನು ತಂದು, ಹಳೆಯ ಯಂತ್ರದಲ್ಲೂ ಆಟಗಳು ಜೋರಾಗಿ ಓಡುವಂತೆ ತಿದ್ದಿ, ಅದಕ್ಕೆ ನಮ್ಮ ಮಾತು ಕಲಿಸಿದ್ದರು. ಯಂತ್ರ ಹಚ್ಚಿದರೆ ಪರದೆಯ ಮೇಲೆ "ತಡೀರಿ, ಬರಾಕತ್ತೇನಿ" ಎಂದು ಬರುತ್ತಿತ್ತು. ಆರಿಸಲು ಹೋದರೆ "ಇಷ್ಟ ಲಗೂ ಹೊಂಟ್ರೇನು?" ಎಂದು ಕೇಳುತ್ತಿತ್ತು. ನನ್ನ ಹೆಂಡತಿಗೆ ಆಟದ ಗಂಧಗಾಳಿ ಇಲ್ಲ, ಆದರೆ ಆ ಪ್ರಶ್ನೆ ಓದಲೆಂದೇ ಕಂಪ್ಯೂಟರ್ ಆರಿಸಲು ತಾನು ಬರುತ್ತಿದ್ದಳು.

ಈ ವ್ಯವಸ್ಥೆಯನ್ನು ಮನೆಮನೆಗೆ ಮುಟ್ಟಿಸಲು ಅವರು ಹಿಡಿದ ದಾರಿ ನಮ್ಮ ಹೊಲದ್ದು. ಬಿತ್ತುವಾಗ, ಕಳೆ ತೆಗೆಯುವಾಗ ನಮ್ಮಲ್ಲಿ ಮುಯ್ಯಾಳು ಹೋಗುತ್ತಾರೆ. ಇವತ್ತು ನೀವು ನಮ್ಮ ಹೊಲಕ್ಕೆ ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ. ಕೂಲಿ ಇಲ್ಲ, ಲೆಕ್ಕವಿಲ್ಲ. ಕಾಕಾ ಯಾರ ಮನೆಗಾದರೂ ಹೋಗಿ ತಮ್ಮ ವ್ಯವಸ್ಥೆ ಹಾಕಿಕೊಟ್ಟರೆ, ಆ ಮನೆಯವರು ಇನ್ನೆರಡು ಮನೆಗೆ ಹೋಗಿ ಹಾಕಿಕೊಡಬೇಕು. ಅದೇ ಮುಯ್ಯಿ. ರೊಕ್ಕ ಕೊಡಲು ಬಂದವರಿಗೆ ಅವರು ಹೇಳುತ್ತಿದ್ದದ್ದು, "ರೊಕ್ಕ ಕೊಟ್ರ ಅಲ್ಲಿಗೆ ಮುಗೀತರಿ. ಮುಯ್ಯಿ ಆದ್ರ ಮುಗಿಯಂಗಿಲ್ಲ."

ಹಾಗೆ ಅದು ಹುಕ್ಕೇರಿಯಿಂದ ದಡ್ಡಿಗೆ ಹೋಯಿತು, ಧುಪದಾಳಕ್ಕೆ ಹೋಯಿತು, ಗೋಕಾಕ ದಾಟಿ ಮೂಡಲಗಿಯ ತನಕ ಹೋಯಿತು. ಹಳ್ಳಿಗಳಲ್ಲಿ ಇಂಟರ್ನೆಟ್ಟಿನ ಪಾಡು ನಿಮಗೆ ಗೊತ್ತು. ಎಲ್ಲವನ್ನೂ ಮೊದಲಿಂದ ಇಳಿಸಿಕೊಳ್ಳುತ್ತ ಕೂತರೆ ದಿನ ಮುಗಿಯುತ್ತದೆ. ಅದಕ್ಕೆ ಕಾಕಾ ತಮ್ಮ ಯಂತ್ರದ ಡಿಸ್ಕನ್ನೇ ಇಡಿಯಾಗಿ ನಕಲು ಮಾಡಿ ಕೊಡುತ್ತಿದ್ದರು. ಪಡೆದವರು ಅದರ ನಕಲನ್ನು ಇನ್ನೊಬ್ಬರಿಗೆ ಕೊಡುತ್ತಿದ್ದರು. ಈ ನಕಲಿನ ಮಾತು ನೆನಪಿರಲಿ, ಎಲ್ಲ ಕೆಟ್ಟದ್ದು ಇಲ್ಲಿಂದಲೇ.

ಅವರ ವ್ಯವಸ್ಥೆ ಪೂರ್ತಿ ಮುಕ್ತವಾಗಿರಲಿಲ್ಲ. ಆದರೆ ಅದನ್ನು ಅವರು ಮುಚ್ಚಿಟ್ಟಿರಲೂ ಇಲ್ಲ. ಯಂತ್ರ ಹಚ್ಚಿದಾಗಲೆಲ್ಲ ಒಂದು ಸಾಲು ಬರುತ್ತಿತ್ತು: "ಇದರಾಗ ಎರಡು ಮುಚ್ಚಿದ ಪೆಟಿಗಿ ಅದಾವ. ಅವುಗಳ ಒಳಗ ಏನೈತಿ ನನಗ ಗೊತ್ತಿಲ್ಲ." ಒಂದು, ಚಿತ್ರ ಮೂಡಿಸುವ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ. ಇನ್ನೊಂದು, ಆಟದ ಕಂಪನಿಯ ಕಾವಲು ತಂತ್ರಾಂಶ. ಆಡುವವರು ಮೋಸ ಮಾಡುತ್ತಾರೋ ಎಂದು ಒಳಗೆ ಕೂತು ನೋಡುವ ಪೊಲೀಸು ಅದು. ಎರಡನ್ನೂ ಮಾಡಿದ ಕಂಪನಿಗಳು ತೆರೆದು ತೋರಿಸುವುದಿಲ್ಲ. ಅವಿಲ್ಲದೆ ಆಟ ನಡೆಯುವುದಿಲ್ಲ.

ಒಮ್ಮೆ ಬೆಳಗಾವಿಯಿಂದ ಮುಕ್ತ ತಂತ್ರಾಂಶದ ವ್ರತ ಹಿಡಿದ ಒಬ್ಬ ಇಂಜಿನಿಯರ್ ಬಂದು, ಈ ಎರಡನ್ನೂ ಕಿತ್ತು ಬಿಸಾಡಿ, ಇಲ್ಲದಿದ್ದರೆ ಮುಕ್ತ ಎಂಬ ಹೆಸರು ಹಾಕಬೇಡಿ ಎಂದು ಜಗಳ ತೆಗೆದ. ಮಡಿ ಮಾಡುವವರನ್ನು ನಾನು ಬಹಳ ನೋಡಿದ್ದೇನೆ, ಇವನು ಅವರನ್ನೂ ಮೀರಿಸಿದ. ಕಾಕಾ ಅವನಿಗೆ ಊಟಕ್ಕಿಟ್ಟು ಹೇಳಿದರು: "ತಗದ್ರ ಇವರೆಲ್ಲ ನಾಳೆ ಕಳವಿಂದು ಹಾಕ್ಕೊಂಡು ಆಡ್ತಾರ. ಮುಚ್ಚಿದ್ದನ್ನ ತೆರಿಯೂದು ನನ್ನ ಕೈಯಾಗ ಇಲ್ಲ. ಮುಚ್ಚೇತಿ ಅಂತ ಹೇಳೂದು ಐತಿ." ಇತ್ತ ಆಡುವವರಿಗೂ ಆ ಸಾಲು ಕಂಡರೆ ಬೇಸರ. ಆಟ ಓಡಿದರೆ ಸಾಕಲ್ಲ, ಒಳಗೆ ಏನಿದ್ದರೆ ನಮಗೇನು ಎನ್ನುತ್ತಿದ್ದರು. ಎರಡೂ ಕಡೆಯಿಂದ ಬೈಸಿಕೊಂಡರೂ ಆ ಸಾಲನ್ನು ಅವರು ತೆಗೆಯಲಿಲ್ಲ.

ಮುಚ್ಚಿದ್ದರ ಮೇಲೆ ಇಷ್ಟು ಸಿಟ್ಟು ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅದರ ಕೆಳಗೆ ಅವರ ಅಜ್ಜನ ಒಂದು ಮಾಸಿದ ಫೋಟೋ. ಅದನ್ನು ತೋರಿಸಿ, "ನಮ್ಮ ಮುತ್ಯಾನ ಒಂದ ಬಾಗಲದಾಗ ನಿಲ್ಲಿಸಿದ್ರರಿ. ಒಳಗ ಬರಬ್ಯಾಡ ಅಂದ್ರು. ಯಾಕ ಅಂತ ಕೇಳಿದ್ದಕ್ಕ, ಅದು ಹಂಗ ಐತಿ ಅಂದ್ರು. ಹಂಗ ಐತಿ ಅನ್ನೂದು ಉತ್ತರ ಅಲ್ಲರಿ, ಸರ" ಎಂದರು. ದನಿ ಏರಿಸಲಿಲ್ಲ. ಆ ಬಾಗಿಲು ನಮ್ಮ ಜನರದ್ದೇ ಇರಬಹುದು ಎಂದು ನನಗೆ ಗೊತ್ತಾಗದೆ ಇರಲಿಲ್ಲ.

ಮಗಳು ನಾಲ್ಕು ವರ್ಷ ಆಡಿ ಆಡಿ ಹೆಸರು ಮಾಡಿದಳು. ರಾಜ್ಯ ತಂಡದ ಆಯ್ಕೆಗೆ ಅವಳಿಗೆ ಕರೆ ಬಂತು. ಆಯ್ಕೆ ನಡೆಯುವುದು ಆಟದ ಖಾತೆಯಲ್ಲಿರುವ ದಾಖಲೆ ನೋಡಿ. ಮೂರು ವಾರ ಉಳಿದಿತ್ತು. ಒಂದು ಬೆಳಿಗ್ಗೆ ಆಡಲು ಕೂತವಳು ಹಾಗೇ ಕಲ್ಲಾಗಿ ಕೂತಳು. ಪರದೆಯ ಮೇಲೆ ಕೆಂಪು ಅಕ್ಷರ: ಮೋಸದ ಕಾರಣ ನಿಮ್ಮ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ.

ಅವಳೊಬ್ಬಳದೇ ಅಲ್ಲ. ಅದೇ ದಿನ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಕಾಕಾನ ವ್ಯವಸ್ಥೆ ಇದ್ದ ಅಷ್ಟೂ ಮನೆಗಳಲ್ಲಿ ಅದೇ ಕೆಂಪು ಅಕ್ಷರ. ಏನು ಮೋಸ, ಯಾವಾಗ ಮಾಡಿದ್ದು, ಹೇಗೆ ಗೊತ್ತಾಯಿತು, ಒಂದಕ್ಕೂ ಉತ್ತರವಿಲ್ಲ. ನಾನು ಇಪ್ಪತ್ತು ವರ್ಷ ಪಂದ್ಯಗಳಿಗೆ ಪಂಚನಾಗಿ ನಿಂತವನು. ಆಟಗಾರನನ್ನು ಹೊರಗೆ ಹಾಕುವಾಗ ಕೈಯೆತ್ತಿ ತಪ್ಪು ಏನೆಂದು ತೋರಿಸಬೇಕು. ತೋರಿಸದೆ ಹಾಕಿದರೆ ನಮ್ಮೂರಲ್ಲಿ ಪಂಚನಿಗೆ ಒದೆ ಬೀಳುತ್ತವೆ. ಈ ಕಂಪನಿಗೆ ಒದೆಯಲು ಅದು ಯಾವ ಊರಲ್ಲಿದೆ ಎಂದೂ ಗೊತ್ತಿಲ್ಲ.

ಕಾಕಾ ತೆರೆದು ನೋಡಲು ಕುಳಿತರು. ಕಂಪನಿಯ ಪೆಟ್ಟಿಗೆ ತೆರೆಯುವಂತಿರಲಿಲ್ಲ, ತಮ್ಮದನ್ನು ತೆರೆದರು. ಮೂರನೇ ದಿನ ಮಧ್ಯಾಹ್ನ ಎರಡು ಕಂಪ್ಯೂಟರು ಹೊತ್ತುಕೊಂಡು ನಮ್ಮ ಪಡಸಾಲೆಗೆ ಬಂದರು. ಒಂದು ನನ್ನ ಮಗಳದು, ಇನ್ನೊಂದು ದಡ್ಡಿಯಿಂದ ತರಿಸಿದ್ದು. ಪ್ರತಿ ಯಂತ್ರಕ್ಕೂ ಒಳಗೆ ಒಂದು ಗುರುತಿನ ಸಂಖ್ಯೆ ಇರುತ್ತದಂತೆ. ಒಂದರ ಸಂಖ್ಯೆಯನ್ನು ನಾನು ಓದಬೇಕು, ಇನ್ನೊಂದರದ್ದನ್ನು ಅವರು ನೋಡಬೇಕು. ಒಂದೊಂದೇ ಅಕ್ಷರ ಓದುತ್ತ ಹೋದೆ. ಅವರು ಹೂಂ, ಹೂಂ ಎನ್ನುತ್ತ ಹೋದರು. ಕೊನೆಯ ಅಕ್ಷರದ ತನಕ ಎರಡೂ ಒಂದೇ.

ಕಾಕಾ ಕೆಳಗೆ ಕೂತುಬಿಟ್ಟರು. ಡಿಸ್ಕನ್ನು ಇಡಿಯಾಗಿ ನಕಲು ಮಾಡುವ ಮೊದಲು ಆ ಸಂಖ್ಯೆಯನ್ನು ಅಳಿಸಬೇಕಿತ್ತು. ಅಳಿಸಿದರೆ ಪ್ರತಿ ಯಂತ್ರವೂ ತನ್ನದೇ ಹೊಸ ಸಂಖ್ಯೆ ಮಾಡಿಕೊಳ್ಳುತ್ತದೆ. ಅವರು ಮರೆತಿದ್ದರು. ಮುಯ್ಯಿಯಲ್ಲಿ ಕೈಯಿಂದ ಕೈಗೆ ಹೋದ ಎಲ್ಲ ಯಂತ್ರಗಳಿಗೂ ಒಂದೇ ಗುರುತು. ಫೋನ್ ಮಾಡಿ ವಿಚಾರಿಸಿದಾಗ ಉಳಿದದ್ದೂ ಗೊತ್ತಾಯಿತು: ಮೂಡಲಗಿಯಲ್ಲಿ ಒಬ್ಬ ಫೋಟೋ ಸ್ಟುಡಿಯೋದವನು ಗುರಿ ತಪ್ಪದಂತೆ ಮಾಡುವ ಕಳ್ಳ ತಂತ್ರಾಂಶ ಹಾಕಿಕೊಂಡು ಆಡಿ ಸಿಕ್ಕಿಬಿದ್ದಿದ್ದ. ಕಾವಲು ತಂತ್ರಾಂಶ ಅವನ ಯಂತ್ರದ ಸಂಖ್ಯೆಯನ್ನು ನಿಷೇಧಿಸಿತ್ತು. ಆ ಸಂಖ್ಯೆ ಇದ್ದವರೆಲ್ಲ ಮೋಸಗಾರರಾದರು.

"ತಪ್ಪು ನಂದರಿ" ಅಂದರು.

ನಾನು ಬಾಯಿಗೆ ಬಂದಂತೆ ಬೈದೆ. ಮಗಳ ನಾಲ್ಕು ವರ್ಷ ನಿಮ್ಮ ಒಂದು ಮರೆವಿಗೆ ಹೋಯಿತು ಅಂದೆ. ಪುಗಸಟ್ಟೆ ಸಿಕ್ಕಿದ್ದನ್ನು ಮನೆಗೆ ಸೇರಿಸಿಕೊಂಡದ್ದಕ್ಕೆ ನಮಗೆ ಹೀಗೇ ಆಗಬೇಕು ಅಂದೆ. ಬೀದಿಯವರು ಬಾಗಿಲಿಗೆ ಬಂದು ನಿಂತರು. ಕಾಕಾ ಎರಡೂ ಕಂಪ್ಯೂಟರು ಎತ್ತಿಕೊಂಡು ಹೋದರು. ಮರುದಿನ ಬೆಳಗಿನ ಬಸ್ಸಿಗೆ ಹೊರಟರು. ಹತ್ತು ದಿನ ಊರೂರು ತಿರುಗಿ, ಮನೆಮನೆಗೆ ಹೋಗಿ, ತಪ್ಪು ನನ್ನದು ಎಂದು ಹೇಳಿ ಪ್ರತಿ ಯಂತ್ರದ ಸಂಖ್ಯೆ ಬದಲಿಸಿ ಬಂದರು. ಆ ಸ್ಟುಡಿಯೋದವನನ್ನೂ ಬೈಯಲಿಲ್ಲವಂತೆ. ನೀನು ಕೊಡಬೇಕಾದ ಮುಯ್ಯಿ ಇದೇ ಎಂದು ಹೇಳಿ, ಮೂಡಲಗಿಯ ಸುತ್ತಿನ ಮನೆಗಳಿಗೆ ಅವನನ್ನೂ ಜೊತೆಗೆ ಕರೆದುಕೊಂಡು ತಿರುಗಿದರು.

ಯಂತ್ರಗಳು ಸರಿಯಾದವು. ಖಾತೆಗಳು ತೆರೆಯಲಿಲ್ಲ. ಉಳಿದವರು ಹೊಸ ಖಾತೆ ಮಾಡಿಕೊಂಡು ಮೊದಲಿಂದ ಆಡಲು ಶುರುಮಾಡಿದರು, ಅವರಿಗೆ ಕಳೆದುಕೊಳ್ಳುವುದು ಹೆಚ್ಚೇನೂ ಇರಲಿಲ್ಲ. ನನ್ನ ಮಗಳ ಆಯ್ಕೆ ಮಾತ್ರ ಆ ಹಳೆಯ ಖಾತೆಯ ಮೇಲೆ ನಿಂತಿತ್ತು. ಕಾಲೇಜಿನಲ್ಲಿ ಅವಳನ್ನು ಕಳ್ಳಿ ಎಂದು ಕರೆಯಲು ಶುರುಮಾಡಿದ್ದರು. ಅವಳು ಊಟ ಬಿಟ್ಟಳು, ಗೋಕಾಕಕ್ಕೆ ಹೋಗುವುದನ್ನೂ ಬಿಟ್ಟಳು.

ಕಾಕಾ ಕಂಪನಿಗೆ ಬರೆದರು. ಇದ್ದದ್ದು ಇದ್ದಂತೆ ಬರೆದರು. ನಕಲು ಮಾಡಿದ್ದು, ಸಂಖ್ಯೆ ಅಳಿಸಲು ಮರೆತದ್ದು, ಮೋಸ ಮಾಡಿದವನು ಒಬ್ಬನೇ ಎಂಬುದು, ಎಲ್ಲ. ಬೇಕಾದರೆ ನನ್ನ ವ್ಯವಸ್ಥೆಯ ಪ್ರತಿ ಸಾಲನ್ನೂ ತೆರೆದು ನೋಡಿ ಎಂದು ವಿಳಾಸವನ್ನೂ ಕೊಟ್ಟರು. ನಿರ್ಣಯ ಅಂತಿಮ ಎಂದು ಅರೆನಿಮಿಷದಲ್ಲಿ ಉತ್ತರ ಬಂತು. ಅರೆನಿಮಿಷದಲ್ಲಿ ಮನುಷ್ಯರು ಓದುವುದಿಲ್ಲ. ಮತ್ತೆ ಬರೆದರು. ಮತ್ತೆ ಅದೇ. ಏಳು ಸಲ ಬರೆದರು. ಏಳು ಸಲವೂ ಅದೇ ಸಾಲು, ಒಂದು ಅಕ್ಷರ ಆಚೀಚೆ ಇಲ್ಲ.

ಕಂಪನಿಯ ಮನವಿ ಅರ್ಜಿಯಲ್ಲಿ ಮೂರು ಆಯ್ಕೆಗಳಿದ್ದವು. ನಾನು ಮೋಸ ಮಾಡಿದ್ದೇನೆ, ಕ್ಷಮಿಸಿ. ನನಗೆ ತಿಳಿಯದಂತೆ ನನ್ನ ಯಂತ್ರದಲ್ಲಿ ಬೇರೊಬ್ಬರು ಮೋಸ ಮಾಡಿದ್ದಾರೆ, ಅವರ ಹೆಸರು ಹೀಗಿದೆ. ಮೂರನೆಯದು ಇತರೆ. ಕಾಕಾ ಏಳು ಸಲವೂ ಇತರೆ ಎಂದೇ ಗುರುತು ಹಾಕಿದ್ದರು, ಯಾಕೆಂದರೆ ನಿಜ ಅದರಲ್ಲಿ ಮಾತ್ರ ಹಿಡಿಸುತ್ತಿತ್ತು. ತಪ್ಪಿಲ್ಲದೆ ಸಿಕ್ಕಿಬಿದ್ದವರು ಇರಬಹುದು ಎಂಬ ಯೋಚನೆಯೇ ಆ ಅರ್ಜಿ ಮಾಡಿದವರಿಗೆ ಬಂದಿರಲಿಲ್ಲ.

ನನ್ನ ತಲೆಗೆ ಹೊಳೆದದ್ದು ಆಗಲೇ. ಎರಡನೆಯದಕ್ಕೆ ಗುರುತು ಹಾಕಿದರೆ? ಸ್ಟುಡಿಯೋದವನ ಹೆಸರು ಬರೆದರೆ ನಡೆಯುತ್ತಿರಲಿಲ್ಲ, ಅವನು ನನ್ನ ಮಗಳ ಯಂತ್ರವನ್ನು ಮುಟ್ಟಿದವನೇ ಅಲ್ಲ, ಅವನು ಆಡಿದ್ದು ಮೂಡಲಗಿಯ ಇಂಟರ್ನೆಟ್ಟಿನಿಂದ ಎಂದು ಕಂಪನಿಯ ದಾಖಲೆಯಲ್ಲಿ ಗೊತ್ತಾಗುತ್ತದೆ. ಆ ಯಂತ್ರದಲ್ಲಿ ಅವಳನ್ನು ಬಿಟ್ಟು ತಮ್ಮದೇ ಖಾತೆಯಿಂದ ಆಡಿದವರು ಒಬ್ಬರೇ. ವ್ಯವಸ್ಥೆ ಹಾಕಿಕೊಟ್ಟ ದಿನ ಸರಿಯಾಗಿ ಓಡುತ್ತದೋ ಎಂದು ಪರೀಕ್ಷಿಸಿ ನೋಡಿದ ಕಾಕಾ.

ಆಯ್ಕೆಗೆ ನಾಲ್ಕು ದಿನ ಇತ್ತು. ನಾನು ಅವರ ಮನೆಗೆ ಹೋದೆ. ಬೇಡಿಕೊಂಡೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ನಾನು ಬೇಡಿಕೊಳ್ಳಲಿಲ್ಲ. ಹುಕುಂ ಮಾಡಿದೆ. ನಿಮ್ಮ ತಪ್ಪಿನಿಂದ ಆದದ್ದು, ನಿಮ್ಮ ಹೆಸರೇ ಕೊಡಿ ಅಂದೆ.

ಕಾಕಾ ಆ ಅರ್ಜಿಯನ್ನು ಮೊದಲಿಂದ ಓದಿದರು. "ನಾ ಮರತದ್ದು ಖರೆ. ಮೋಸ ಮಾಡಿಲ್ಲಲ್ಲರಿ. ಇದು ಸುಳ್ಳಾಗತೈತಿ, ಸರ."

"ಸುಳ್ಳ ಬರದ್ರ ನಿಮ್ದೇನ್ ಹೋಗತೈತಿ? ನಿಮಗೇನು ಆಯ್ಕಿ ಐತೇನು?" ಅಂದೆ.

ಈ ಮಾತು ನನ್ನ ಬಾಯಿಂದ ಬಂದದ್ದು. ಯಾರ ಅಜ್ಜನನ್ನು ಕಾರಣ ಹೇಳದೆ ಬಾಗಿಲಲ್ಲಿ ನಿಲ್ಲಿಸಿದ್ದರೋ, ಅವರನ್ನೇ ನಿಮ್ಮ ಹೆಸರಿಗೆ ಏನು ಬೆಲೆ ಎಂದು ಕೇಳಿದ್ದೆ. ಆಗ ಅದು ನನಗೆ ಹೊಳೆಯಲೂ ಇಲ್ಲ. ಕಾಕಾ ಎದ್ದು ಹೋಗಿ ನೀರು ಕುಡಿದು ಬಂದರು. ಬಂದು ಕುಳಿತು, ಹೆಸರು, ಊರು ತುಂಬಿದರು. ಏನು ಮೋಸ ಎಂಬ ಕಡೆ ಏನು ಬರೆಯಬೇಕೋ ಅವರಿಗೆ ತಿಳಿಯಲಿಲ್ಲ. ಅದನ್ನು ನಾನೇ ಹೇಳಿ ಬರೆಸಿದೆ. ಕಳಿಸಿದ ಮೇಲೆ ಅವರು ಅಂದದ್ದು ಇಷ್ಟೇ: "ನಿಮ್ಮ ಮಗಳಿಗೆ ಹೇಳಬ್ಯಾಡ್ರಿ. ಗೊತ್ತಾದ್ರ ಆಕಿ ಆಡಂಗಿಲ್ಲ."

ಎರಡೇ ದಿನದಲ್ಲಿ ಉತ್ತರ ಬಂತು. ಈ ಸಲ ನಿರ್ಣಯ ಅಂತಿಮ ಎಂದಿರಲಿಲ್ಲ. ಮಗಳ ಖಾತೆ ತೆರೆದಿತ್ತು. ಕಾಕಾ ಅವರ ಖಾತೆ ಮೊದಲೇ ಮುಚ್ಚಿತ್ತು, ಈಗ ಮೋಸಗಾರ ಎಂದು ಅವರ ಹೆಸರಿಗೇ ನಿಷೇಧ ಹಾಕಿದ್ದರು. ಅವರಿಗೆ ಬಂದ ಪತ್ರದ ಕೊನೆಯಲ್ಲಿ ಹೀಗಿತ್ತು: ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದಗಳು.

ನಿಜ ಬರೆದ ಏಳು ಪತ್ರಗಳನ್ನು ಓದಿಯೂ ನೋಡದ ಹರಾಮಿಗಳು ಸುಳ್ಳು ಬರೆದ ಒಂದು ಪತ್ರಕ್ಕೆ ಪ್ರಾಮಾಣಿಕತೆಯ ಸರ್ಟಿಫಿಕೇಟು ಕೊಟ್ಟಿದ್ದರು. ಇದನ್ನು ನೆನೆದಾಗಲೆಲ್ಲ ಕೈಗೆ ಸಿಕ್ಕದ್ದನ್ನು ಎತ್ತಿ ಒಗೆಯಬೇಕು ಅನ್ನಿಸುತ್ತದೆ. ಕಾಕಾ ಆ ಪತ್ರವನ್ನು ನನಗೆ ತೋರಿಸಿ ನಕ್ಕರು. ಆ ನಗು ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಮುಂದಿನ ತಿಂಗಳು ಕಂಪನಿ ತನ್ನ ಜಾಲತಾಣದಲ್ಲಿ ಮೋಸಗಾರರ ಪಟ್ಟಿ ಹಾಕಿತು. ಹಾಗೆ ಹಾಕುತ್ತಾರೆ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಉಳಿದವರದು ಖಾತೆಯ ಅಡ್ಡಹೆಸರು ಮಾತ್ರ, ಅರ್ಜಿ ತುಂಬಿದ ಕಾಕಾ ಅವರದು ಪೂರ್ತಿ ಹೆಸರು, ಮುಂದೆ ಹುಕ್ಕೇರಿ. ಅದನ್ನು ಯಾರೋ ಫೋನಿನಲ್ಲಿ ಹಂಚಿದರು. ಒಂದೇ ದಿನಕ್ಕೆ ಮೂರೂ ತಾಲೂಕು ಮುಟ್ಟಿತು. ಮುಯ್ಯಿಯಲ್ಲಿ ಹೋಗಿದ್ದಕ್ಕಿಂತ ಲಗೂನೆ ಮುಟ್ಟಿತು. ಅವರೇ ಮನೆಗೆ ಬಂದು ತಪ್ಪು ನನ್ನದು ಎಂದಿದ್ದರಲ್ಲ, ಈಗ ಅದರ ಅರ್ಥ ಎಲ್ಲರಿಗೂ ಬೇರೆಯಾಗಿ ಕಂಡಿತು. ಮುದುಕ ಮೊದಲೇ ಒಪ್ಪಿಕೊಂಡಿದ್ದ ನೋಡು ಅಂದರು. ಯಾರ ಮನೆಯಲ್ಲಿ ಊಟ ಮಾಡಿ ಎದ್ದು ಬಂದಿದ್ದರೋ ಅವರೇ ಅಂದರು. ಒಬ್ಬೊಬ್ಬರಾಗಿ ಅವರ ವ್ಯವಸ್ಥೆಯನ್ನು ಅಳಿಸಿ, ಮತ್ತೆ ಆ ದೊಡ್ಡ ಕಂಪನಿಯದ್ದನ್ನು ಕದ್ದು ಹಾಕಿಕೊಂಡರು. ಕಳ್ಳ ಮಾಲು ಹಾಕಿಕೊಂಡು ಕಾಕಾ ಅವರನ್ನು ಕಳ್ಳ ಎಂದು ಕರೆಯಲು ಅವರಿಗೆ ಒಂದಿಷ್ಟೂ ನಾಚಿಕೆ ಆಗಲಿಲ್ಲ. ಐಟಿಐಯವರು ವರ್ಷಕ್ಕೊಮ್ಮೆ ಪಾಠಕ್ಕೆ ಕರೆಯುತ್ತಿದ್ದವರು, ಈ ಸಲ ಬೇಡ ಬಿಡ್ರಿ ಎಂದರು.

ನನ್ನ ಮಗಳು ರಾಜ್ಯ ತಂಡಕ್ಕೆ ಆಯ್ಕೆಯಾದಳು. ಆಮೇಲೆ ಅವಳೂ ಕಾಕಾನ ಮನೆಗೆ ಹೋಗುವುದನ್ನು ನಿಲ್ಲಿಸಿದಳು. ಸಂಖ್ಯೆಯ ಕತೆ ಬರೀ ನೆಪ, ತನ್ನ ಯಂತ್ರದಲ್ಲಿ ತನಗೇ ತಿಳಿಯದಂತೆ ಮೋಸ ಮಾಡಿದವರು ಇವರೇ ಎಂದು ಅವಳೂ ನಂಬಿದ್ದಳು. ಅಂಗಳದಲ್ಲಿ ಅವರು ಕಂಡರೆ ಮುಖ ತಿರುಗಿಸಿ ಒಳಗೆ ಬರುತ್ತಿದ್ದಳು. ಕಾಕಾ ಅವಳ ಆಟ ಹೇಗೆ ನಡೆದಿದೆ ಎಂದು ನನ್ನನ್ನು ಕೇಳುತ್ತಿದ್ದರು. ಚಲೋ ನಡೆದಿದೆ ಎನ್ನುತ್ತಿದ್ದೆ. ಇಷ್ಟು ಹೇಳಿ ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಒಂದೂವರೆ ವರ್ಷ ಹೀಗೇ ಕಳೆಯಿತು. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದುಕೊಂಡೆ. ಈ ಪಂದ್ಯ ಮುಗಿಯಲಿ, ಆ ಪಂದ್ಯ ಮುಗಿಯಲಿ ಎಂದುಕೊಂಡೆ. ಕಾಕಾ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟರು. ಮಣ್ಣಿಗೆ ಬಂದವರು ಹದಿನೈದು ಮಂದಿಯೂ ಇರಲಿಲ್ಲ.

ಆ ಸಭೆಯಿಂದ ಬಂದ ಮರುದಿನ ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಹುಕುಂ ಮಾಡಿದ್ದು, ಬರೆಸಿದ್ದು, ಬಾಯಿ ಮುಚ್ಚಿಕೊಂಡಿದ್ದು. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ಅವರು ಇದ್ದಾಗ ಯಾಕ ಹೇಳಲಿಲ್ಲ, ಪಪ್ಪಾ?" ಅಂದಳು.

ಅವಳು ಎದ್ದು ಹೋಗಿ ಕಂಪನಿಗೆ ಪತ್ರ ಬರೆಯಲು ಕುಳಿತಳು. ಆ ಅರ್ಜಿ ಸುಳ್ಳು, ಅದರಲ್ಲಿ ಹೆಸರಿರುವವರು ಮೋಸ ಮಾಡಿಲ್ಲ, ಅವರ ಹೆಸರನ್ನು ಪಟ್ಟಿಯಿಂದ ತೆಗೆಯಿರಿ. ಅವಳ ಖಾತೆಯಿಂದಲೇ, ಅವಳ ಹೆಸರಿನಲ್ಲೇ. ನಾನು ತಡೆದೆ. ಸತ್ತವರ ಹೆಸರು ಅವರು ತೆಗೆಯುವುದಿಲ್ಲ, ನಿನ್ನ ಖಾತೆ ಮಾತ್ರ ಹೋಗುತ್ತದೆ ಅಂದೆ. ಬರುವ ತಿಂಗಳು ಅವಳಿಗೆ ದೊಡ್ಡ ಪಂದ್ಯವಿತ್ತು.

"ಗೊತ್ತೈತಿ" ಎಂದು ಕಳಿಸಿಬಿಟ್ಟಳು.

ನಾನು ಹೇಳಿದಂತೆಯೇ ಆಯಿತು. ವಾರದೊಳಗೆ ಅವಳ ಖಾತೆ ಮುಚ್ಚಿದರು. ಕಾರಣ ಬರೆದಿರಲಿಲ್ಲ, ಧನ್ಯವಾದವೂ ಇರಲಿಲ್ಲ. ನಿನ್ನೆ ಆ ಪಟ್ಟಿಗೆ ಈ ತಿಂಗಳ ಹೆಸರುಗಳು ಸೇರಿದವು. ಮಗಳು ಫೋನನ್ನು ನನ್ನ ಮುಂದೆ ಹಿಡಿದಳು. ಕಾಕಾ ಅವರ ಹೆಸರು ಇದ್ದಲ್ಲೇ ಇತ್ತು, ಕೆಳಗೆ ಅವಳ ಹೆಸರು ಸೇರಿತ್ತು. ಎರಡರ ಮುಂದೆಯೂ ಹುಕ್ಕೇರಿ.

"ಇರ್ಲಿ ಬಿಡ್ರಿ. ಕಾಕಾ ಒಬ್ರ ಅಲ್ಲ ಈಗ ಅದರಾಗ" ಅಂದಳು.

ಪಟ್ಟಿಯನ್ನು ಮೇಲಿಂದ ಕೆಳಗಿನ ತನಕ ಎರಡು ಸಲ ಓದಿದೆ. ಆ ಸುಳ್ಳನ್ನು ಹೇಳಿ ಬರೆಸಿದ ನನ್ನ ಹೆಸರು ಅದರಲ್ಲಿ ಎಲ್ಲೂ ಇಲ್ಲ.